ಸುಮ್ನ ಒಂದ್ ತಾಸು

ಹುಣಸಗಿ ಬಸ್ ಸ್ಟ್ಯಾಂಡಿನ ಹಿಂದ ನನ್ನ ಅಂಗಡಿ.
ಆಸಿಡ್ ವಾಸನಿ, ಮೂರು ಸ್ಟೂಲು, ಒಂದು ಮೀಟರ್.
ಟ್ರ್ಯಾಕ್ಟರಿನದು, ಡಿಜೆಯವರದು, ಮದವಿ ಹಾಲಿನದು,
ಸತ್ತ ಬ್ಯಾಟರಿ ಯಾವುದು, ಬರೇ ನಿದ್ದಿ ಹತ್ತಿದ್ದು ಯಾವುದು
ಮುಟ್ಟಿ ಹೇಳ್ತಾನ ದಸ್ತಗೀರ ಅಂತಾರ ಮಂದಿ.
ಸುಳ್ಳು. ಮೀಟರ್ ಹೇಳ್ತದ, ನಾ ಓದ್ತೀನಿ.

ಸಾಬಮ್ಮ ಅಂಬಿಗೇರ ಬಂದದ್ದು ಮೇ ತಿಂಗಳ ನಡು ಮಧ್ಯಾಹ್ನ
ನಾರಾಯಣಪುರದ ಹಿನ್ನೀರಿನಿಂದ, ಟಂಟಂ ಹತ್ತಿ.
ಕೈಯಾಗ ಒಂದು ತುಂಡು ಹಗ್ಗ,
ದೋಣಿಯ ಅಗಲ ಅಳದು ಎರಡು ಗಂಟು ಹಾಕಿದ್ದು.
"ಹಾಯಿ ಕಟ್ಟಿದ ದೋಣಿ ಅದ. ಸೋಲಾರ್ ಕೂಡ್ರಿಸಬೇಕು.
ಇಷ್ಟರಾಗ ಕೂಡಬೇಕು ನೋಡು."

ನಾ ಮೊದಲು ದೊಡ್ಡದೇ ತೋರಿಸಿದೆ, ನೂರು ವ್ಯಾಟಿನದು,
ಎಲ್ಲಾ ಅಂಗಡಿಯವರಂಗ.
"ಎಮ್ಮಿ ಹೇರಿದಂಗ ಆಗ್ತದ. ಗಾಳಿ ಎದ್ರ
ಅದೇ ಎರಡನೇ ಹಾಯಿ," ಅಂದ್ಳು.

ಖಾಲಿ ಡಬ್ಬಿ ಹರದು ರಟ್ಟಿನ ಮ್ಯಾಲ ಬರಿಯಾಕ ಕೂತೆ.
ರಾತ್ರಿ ಏನೇನು ಉರೀಬೇಕು, ಎಷ್ಟು ತಾಸು?

ಬಲಿ ಬಿಡೂ ಮುಂದ ಬಲ್ಬು, ಎರಡು ತಾಸು.
ಎಳಿಯೂ ಮುಂದ ಮತ್ತ ಎರಡು.
ಬಲಿಯ ತುದಿಗೆ ಕೆಂಪು ದೀಪ, ಬೆಳತನ;
ಇಂಜಿನ್ ದೋಣಿಯವರು ಕಣ್ಣು ಮುಚ್ಚಿಕೊಂಡು ಬರ್ತಾರ.
ಮೊಬೈಲು.
ಮತ್ತ?
ಹಗ್ಗದ ಗಂಟು ತಿರುವಿದ್ಳು. "ಸುಮ್ನ ಒಂದ್ ತಾಸು."
ಸುಮ್ನ ಅಂದ್ರ?
"ಸುಮ್ನ ಅಂದ್ರ ಸುಮ್ನ. ಬರಕೋ."

ಫ್ರಿಜ್ ಬರದೀನಿ, ಮೋಟಾರು ಬರದೀನಿ,
ಮಸೂತಿ ಮೈಕು, ಮಠದ ಝೂಮರು ಬರದೀನಿ.
ಸುಮ್ನಕ್ಕ ಎಷ್ಟು ವ್ಯಾಟು ಅಂತ
ಯಾವ ಕಂಪನಿಯೂ ಚೀಟಿ ಹಚ್ಚಿಲ್ಲ.
ಐದು ಅಂತ ಬರಕೊಂಡೆ. ಬಲ್ಬಿನದೇ ಲೆಕ್ಕ.

ಕೂಡಿಸಿದ್ರ ದಿನಕ್ಕ ಐವತ್ತರ ಹತ್ತಿರ.
ನಲವತ್ತು ವ್ಯಾಟಿನ ಪ್ಯಾನಲ್ ಸಾಕು,
ಮೋಡದ ಮೂರು ದಿನಕ್ಕ ಹದಿನೆಂಟು ಆಂಪಿಯರ್ ಬ್ಯಾಟರಿ.
"ನಮ್ಮ ಕಡಿ ಬಿಸಿಲಿಗೇನು ಕಮ್ಮಿ?"
ಎಲ್ಲಾರೂ ಕೇಳೂದು ಇದೇ. ಅದಕ್ಕ ಬೆಳಕು ಬೇಕವ್ವ, ಕಾವು ಬ್ಯಾಡ.
ಸುಡು ಬಿಸಿಲಾಗ ಅದೂ ನಮ್ಮಂಗೇ ಮೈಗಳ್ಳ.
ಕೆಳಗ ನಾಕು ಬೆರಳು ಗಾಳಿ ಆಡಲಿ.

ತ್ರಾಸು ಇದ್ದದ್ದು ನೆರಳಿನದು.
ಹಾಯಿ ಅಂದ್ರ ಯೂರಿಯಾ ಚೀಲ ಹೊಲದದ್ದು,
ನಡುವ ಯಾವುದೋ ಚುನಾವಣಿಯ ಫ್ಲೆಕ್ಸು,
ಅರ್ಧ ಮೀಸಿ, ಎರಡು ಮುಗಿದ ಕೈ.
ಪ್ಯಾನಲ್ ಎಲ್ಲಿ ಬಡದ್ರೂ ಒಂದಲ್ಲಾ ಒಂದು ಹೊತ್ತಿಗೆ
ಆ ಕೈಮುಗಿದ ನೆರಳು ಬೀಳೂದೇ.
ಒಂದು ಮೂಲಿ ನೆರಳಾದ್ರ ಒಂದು ಮೂಲಿ ಅಷ್ಟೇ ಹೋಗೂದಿಲ್ಲ,
ಕೊಡ ದಾಟಿಸೋ ಸಾಲಿನ್ಯಾಗ ಒಬ್ಬ ತೂಕಡಿಸಿದಂಗ.

"ಯಾಕ ಬಡೀತಿ? ಹಗ್ಗ ಕಟ್ಟಿ ಬಿಡು.
ಬಿಸಿಲಿದ್ದ ಕಡಿ ಎತ್ತಿ ಇಡ್ತೀನಿ,
ಕೂಸಿನ್ನ ಈ ಬಗಲಿಂದ ಆ ಬಗಲಿಗೆ ಹಾಕ್ಕೊಂಡಂಗ."
ಇಪ್ಪತ್ತು ವರ್ಷದ ಅನುಭವ ನಂದು. ಹೊಳದಿರಲಿಲ್ಲ.

ಕಂಟ್ರೋಲರ್ ಸಸ್ತಾದ್ದೇ ಕೊಟ್ಟೆ.
ಹಗಲು ಬಂದದ್ದು ರಾತ್ರಿ ಹೊಳ್ಳಿ ಹೋಗಬಾರದು, ಅದಕ್ಕ ಇದು.
"ಡ್ಯಾಮಿನ ಗೇಟು," ಅಂದ್ಳು,
ರೊಕ್ಕ ಎಣಿಸಿ ಇಟ್ಳು.

ಶ್ರಾವಣದಾಗ ಫೋನ್ ಬಂತು, ಫ್ಯೂಸ್ ಹೋಗ್ಯದ ಅಂತ.
ಸಂಜಿಗೆ ಹೋದೆ, ಬದಲಿ ಮಾಡಿದೆ,
ವಾಪಸ್ ಬಸ್ಸಿಲ್ಲ, ದೋಣಿಯಾಗೇ ಕೂತೆ.
ಬಲಿ ಬಿಟ್ಟಾತು. ಹಾಯಿ ಸುತ್ತಿ ಇಟ್ಟಾತು.
"ಈಗ ಸುಮ್ನ," ಅಂದು ಸ್ವಿಚ್ಚಿಗೆ ಕೈ ಹಾಕಿದ್ಳು.
ಇದ್ದ ಬಲ್ಬೂ ಆರಿತು.

ನೀರು. ದೂರ ಗೇಟಿನ ದೀಪದ ಸಾಲು.
ಕಂಟ್ರೋಲರಿನ ಒಂದೇ ಹಸಿರು ಚುಕ್ಕಿ
ಅವಳ ಮುಂಗೈ ಬಳಿ ಮ್ಯಾಲ.
ಎಲ್ಲೋ ಒಂದು ಮೀನು ಎದ್ದು ಬಿತ್ತು, ಬಲಿಯ ಹೊರಗ.

ಐದು ವ್ಯಾಟು ದಿನಾ ಉಳೀತದ ಹಂಗಾರ,
ಚಿಕ್ಕ ಪ್ಯಾನಲ್ ಕೊಡ್ತಿದ್ದೆ, ಅಂದೆ.

"ಹಚ್ಚಬೇಕಂದ್ರ ಹತ್ತೂವಂಗ ಇರಬೇಕು.
ಇಲ್ಲಂದ್ರ ಇದು ಸುಮ್ನ ಆಗೂದಿಲ್ಲ,
ಕತ್ತಲಿ ಆಗ್ತದ."

ತಾಸು ಆತೋ, ಹೆಚ್ಚಾತೋ,
ಮೊಬೈಲ್ ತಗದು ನೋಡಲಿಲ್ಲ.
ಫ್ಯೂಸಿನದು ಇಪ್ಪತ್ತು ರೂಪಾಯಿ ಬರೋದಿತ್ತು.
ಮುಂಜಾನಿ ಎರಡು ಕಟ್ಲಾ ಕೊಟ್ಳು, ಒಂದು ಸಣ್ಣದು.